ತುರ್ತಿನ ಖರೀದಿ ಮತ್ತು ಲೆಕ್ಕದ ಪುಸ್ತಕ



2025ರ ಸೆಪ್ಟೆಂಬರ್ 17ರಂದು, ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣ ಮುಗಿಸಿಕೊಂಡು ಭಾಲ್ಕಿಯ ಬಸ್ ನಿಲ್ದಾಣದ ಕಡೆಗೆ ನಡೆದು ಬರುತ್ತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದನು. ಈಗ ಅವನು ಸರಕಾರಿ ಇಲಾಖೆಯೊಂದರಲ್ಲಿ ಲೆಕ್ಕ ವಿಭಾಗದ ನೌಕರ. ಅದೇ ವರ್ಷದ ಜೂನ್ ತಿಂಗಳಲ್ಲಿ ರಕ್ಷಣಾ ಸಚಿವಾಲಯವು ತುರ್ತು ಖರೀದಿಯ ವ್ಯವಸ್ಥೆಯಡಿ ಹದಿಮೂರು ಒಪ್ಪಂದಗಳನ್ನು, ಸುಮಾರು 1,981 ಕೋಟಿ ರೂಪಾಯಿಗಳ ಮೊತ್ತಕ್ಕೆ, ಮಾಡಿಕೊಂಡ ಸುದ್ದಿಯನ್ನು ಅವನು ಓದಿದ್ದನು. "ಸರ್, ನಾವು ಒಂದು ಅಲಮಾರಿ ತಗೊಳ್ಳಾಕೂ ಮೂರು ಕೊಟೇಷನ್ ಇಡಬೇಕು. ಲಡಾಯಿ ಬಂತಂದ್ರ ಆ ಕಾಯ್ದೆ ಎಲ್ಲಾ ಎಲ್ಲಿ ಹೋಗ್ತಾವ್ರಿ? ಇದು ಸರಿ ಏನ್ರಿ?" ಎಂದು ಕೇಳಿದನು. ಬಸ್ಸು ಬಂದುಬಿಟ್ಟಿತು. ಉತ್ತರ ನನ್ನಲ್ಲಿಯೇ ಉಳಿಯಿತು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಇತಿಹಾಸವನ್ನು ಪಾಠ ಮಾಡಿದವನಿಗೆ ಒಂದು ಪ್ರಶ್ನೆಯನ್ನು ಅರ್ಧಕ್ಕೆ ಬಿಡುವುದು ಸಾಧ್ಯವಾಗುವುದಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊನೆಯಲ್ಲಿ ನನ್ನದೇ ಒಂದು ತಪ್ಪನ್ನೂ ಒಪ್ಪಿಕೊಳ್ಳುವುದಿದೆ.

ಮೊದಲಿಗೆ, ಟೆಂಡರ್ ಎಂಬುದು ಏಕೆ ಬೇಕು? ನಮ್ಮ ಹಳ್ಳಿಗಳಲ್ಲಿ ಗುಡಿಯ ಹುಣಸೆ ಮರದ ಫಲವನ್ನು ಲಿಲಾವು ಮಾಡುವ ಪದ್ಧತಿಯನ್ನು ನೀವೆಲ್ಲರೂ ನೋಡಿದ್ದೀರಿ. ಕಟ್ಟೆಯ ಮೇಲೆ ಹಿರಿಯರು ಕೂಡುತ್ತಾರೆ, ಒಬ್ಬನು ಕೂಗುತ್ತಾನೆ, ಹೆಚ್ಚು ಹೇಳಿದವನಿಗೆ ಮರ. ಇದರಿಂದ ಗುಡಿಗೆ ನಾಲ್ಕು ಕಾಸು ಹೆಚ್ಚು ಬರುತ್ತದೆಂಬುದು ಒಂದು ಲಾಭ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಮರವನ್ನು ಪಡೆಯದವನು ಕೂಡ "ನನ್ನ ಕಣ್ಣೆದುರಿಗೇ ಆಯಿತು" ಎಂದು ಸುಮ್ಮನೆ ಮನೆಗೆ ಹೋಗುತ್ತಾನೆ. ಸರಕಾರದ ಟೆಂಡರು ಈ ಲಿಲಾವಿನ ತಿರುವುಮುರುವು ರೂಪವೇ. ಅಲ್ಲಿ ಹೆಚ್ಚು ಕೊಡುವವನನ್ನು ಹುಡುಕಿದರೆ ಇಲ್ಲಿ ಕಡಿಮೆ ಕೇಳುವವನನ್ನು ಹುಡುಕುತ್ತಾರೆ. ಎರಡರಲ್ಲಿಯೂ ಮುಖ್ಯವಾದುದು ಸಾರ್ವಜನಿಕರ ಹಣ ಸಾರ್ವಜನಿಕರ ಕಣ್ಣೆದುರಿಗೆ ಕೈ ಬದಲಾಗುತ್ತದೆ ಎಂಬುದು.

ಯುದ್ಧ ಬಂದಾಗ ಈ ಪದ್ಧತಿಯನ್ನು ಬದಿಗಿಡಲು ಮೂರು ಕಾರಣಗಳನ್ನು ಹೇಳುತ್ತಾರೆ. ಮೊದಲನೆಯದು ಸಮಯ. ಶತ್ರು ಗಡಿಯಲ್ಲಿರುವಾಗ ಮೊಹರು ಮಾಡಿದ ಲಕೋಟೆಗಳಿಗಾಗಿ ಮೂವತ್ತು ದಿನ ಕಾಯಲಾಗದು. ಎರಡನೆಯದು ಗೋಪ್ಯತೆ. ನಮಗೆ ಏನು ಬೇಕೆಂದು ಜಾಹೀರಾತು ಕೊಟ್ಟರೆ ನಮ್ಮಲ್ಲಿ ಏನಿಲ್ಲವೆಂಬುದು ಶತ್ರುವಿಗೂ ತಿಳಿಯುತ್ತದೆ. ಮೂರನೆಯದು, ಮಾರುವವನು ಒಬ್ಬನೇ ಇರುವ ಸಂದರ್ಭ. ಈ ಮೂರೂ ಸುಳ್ಳಲ್ಲ. ನಾನು ಇವನ್ನು ಹಗುರವಾಗಿ ತಳ್ಳಿಹಾಕುವವನಲ್ಲ. ಆದರೆ ಈ ಮೂರು ಕಾರಣಗಳ ನೆರಳಿನಲ್ಲಿ ಏನೆಲ್ಲ ನಡೆಯಬಹುದೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಬೀದರಿನ ವಿಮಾನ ನೆಲೆಯೇ ಸಾಕ್ಷಿಯಾಗಿದೆ.

ನಮ್ಮ ಅಜ್ಜಿ 1948ರ ಬೇಸಿಗೆಯ ಮಾತನ್ನು ಆಗಾಗ ಹೇಳುತ್ತಿದ್ದರು. ಸೆಕೆಗೆ ಮಾಳಿಗೆಯ ಮೇಲೆ ಮಲಗಿದ್ದಾಗ ನಡುರಾತ್ರಿಯಲ್ಲಿ ದೀಪವಿಲ್ಲದ ವಿಮಾನದ ಸದ್ದು ಪಶ್ಚಿಮದಿಂದ ಬಂದು ಬೀದರಿನ ಕಡೆಗೆ ಹೋಗುತ್ತಿತ್ತಂತೆ. ಅದು ಯಾರ ವಿಮಾನ, ಏನನ್ನು ಹೊತ್ತು ತರುತ್ತಿತ್ತು ಎಂಬುದು ಅಜ್ಜಿಗೆ ತಿಳಿದಿರಲಿಲ್ಲ. ನನಗೂ ಪುಸ್ತಕಗಳನ್ನು ಓದಿದ ಮೇಲೆಯೇ ಅದರ ಅರ್ಥ ಹೊಳೆಯಿತು.

ಆಗ ನಾವು ಹೈದರಾಬಾದ್ ಸಂಸ್ಥಾನದ ಪ್ರಜೆಗಳು. ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರು 1947ರ ನವೆಂಬರ್ 29ರಂದು ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದ್ದರು. ಆದರೆ ಸಂಬಂಧ ಹಳಸುತ್ತಲೇ ಹೋಯಿತು. ಭಾರತದಿಂದ ಸಂಸ್ಥಾನಕ್ಕೆ ಆಯುಧಗಳು ಬರುವುದು ನಿಂತಿತು. ಹಳ್ಳಿಗಳಲ್ಲಿ ರಜಾಕಾರರ ಹಾವಳಿ ಏರಿತು. 1948ರ ಮೇ ತಿಂಗಳಿನಲ್ಲಿ ನಮ್ಮ ಪಕ್ಕದ ಗೋರಟಾದಲ್ಲಿ ನಡೆದ ಕಗ್ಗೊಲೆಯನ್ನು ಈ ಭಾಗದ ಜನ ಇಂದಿಗೂ ಮರೆತಿಲ್ಲ. ಇಂತಹ ಹೊತ್ತಿನಲ್ಲಿ ಪ್ರಧಾನಿ ಮೀರ್ ಲಾಯಕ್ ಅಲಿಯವರ ಸರಕಾರ ಆಯುಧಗಳಿಗಾಗಿ ಮೊರೆಹೊಕ್ಕದ್ದು ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕನನ್ನು. ಎರಡನೆಯ ಮಹಾಯುದ್ಧದ ಆರಂಭದಲ್ಲಿ ಬ್ರಿಟಿಷರಿಗಾಗಿ ಆಕಾಶದಿಂದ ಶತ್ರುನೆಲೆಗಳ ಚಿತ್ರ ತೆಗೆಯುವ ವಿದ್ಯೆಯನ್ನು ಬೆಳೆಸಿದ ಚತುರ ಈತ. ಬಾಂಬರ್ ವಿಮಾನದಿಂದ ರೂಪಿಸಿದ ಲ್ಯಾಂಕಾಸ್ಟ್ರಿಯನ್ ಎಂಬ ದೊಡ್ಡ ವಿಮಾನಗಳಲ್ಲಿ ಕರಾಚಿಯಿಂದ ಆಯುಧಗಳನ್ನು ತುಂಬಿಕೊಂಡು ಬಂದು ಬೀದರ್, ವಾರಂಗಲ್ ಮುಂತಾದ ನೆಲೆಗಳಲ್ಲಿ ಇಳಿಸುವ ವ್ಯವಸ್ಥೆ ಇವನದಾಗಿತ್ತು.

ಇದಕ್ಕೆ ಟೆಂಡರ್ ಕರೆಯಲು ಸಾಧ್ಯವಿತ್ತೇ? ಖಂಡಿತ ಇರಲಿಲ್ಲ. ಮೇಲೆ ಹೇಳಿದ ಮೂರು ಕಾರಣಗಳೂ ಇಲ್ಲಿ ಒಟ್ಟಿಗೆ ಕೂಡಿದ್ದವು. ಸಮಯವಿರಲಿಲ್ಲ, ಕೆಲಸ ಗುಪ್ತವಾಗಿತ್ತು, ಇಂತಹ ಸಾಹಸಕ್ಕೆ ಒಪ್ಪುವವರು ಹೆಚ್ಚು ಮಂದಿ ಇರಲಿಲ್ಲ. ಆದರೆ ಖರ್ಚಾದ ಹಣ ಯಾರದು? ಬೀದರ್, ಭಾಲ್ಕಿ, ಔರಾದ್ ಸೀಮೆಯ ರೈತರು ಜೋಳ ಬೆಳೆದು ಕಟ್ಟಿದ ಕಂದಾಯವೂ ಆ ಖಜಾನೆಯಲ್ಲಿಯೇ ಇತ್ತು. ಯಾವ ಆಯುಧಗಳನ್ನು ಕಂಡು ಅವರು ಹೆದರುತ್ತಿದ್ದರೋ ಅವುಗಳ ಸಾಗಣೆಯ ಬಾಡಿಗೆಯನ್ನು ಅವರೇ ತೆತ್ತಂತಾಯಿತು. ಅವರನ್ನು ಕೇಳಿದವರಿಲ್ಲ, ಅವರಿಗೆ ಲೆಕ್ಕ ಒಪ್ಪಿಸಿದವರೂ ಇಲ್ಲ. ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಸೊಲ್ಲಾಪುರದ ಕಡೆಯಿಂದ ನಳದುರ್ಗ, ಹುಮನಾಬಾದ್ ಮಾರ್ಗವಾಗಿ ಒಳಬಂದಿತು. ಹದಿನೇಳರ ಹೊತ್ತಿಗೆ ಬೀದರ್ ಸೇನೆಯ ವಶವಾಗಿತ್ತು, ಸಂಸ್ಥಾನ ಶರಣಾಗಿತ್ತು. ಅಷ್ಟು ಸಾಹಸದಿಂದ ತಂದ ಆಯುಧಗಳು ಐದು ದಿನವೂ ಉಪಯೋಗಕ್ಕೆ ಬರಲಿಲ್ಲ. ಕಾಟನ್ನನಿಗೆ ಮುಂದೆ ಇಂಗ್ಲೆಂಡಿನ ನ್ಯಾಯಾಲಯವು ವಿಧಿಸಿದ ದಂಡ 200 ಪೌಂಡು ಮಾತ್ರ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಲೆಕ್ಕವಿಲ್ಲದ ಹಣಕ್ಕೆ ಆಯುಷ್ಯ ಬಹಳ. ಶರಣಾಗತಿಯ ಆ ದಿನಗಳಲ್ಲಿಯೇ, ಲಂಡನ್ನಿನ ಬ್ಯಾಂಕಿನಲ್ಲಿದ್ದ ಹೈದರಾಬಾದ್ ಸರಕಾರದ ಹತ್ತು ಲಕ್ಷ ಪೌಂಡಿಗೂ ಸ್ವಲ್ಪ ಹೆಚ್ಚಿನ ಮೊತ್ತವನ್ನು ಮಂತ್ರಿಗಳಾಗಿದ್ದ ಮೊಯಿನ್ ನವಾಜ್ ಜಂಗರು ಪಾಕಿಸ್ತಾನದ ಹೈಕಮಿಷನರ್ ಹಬೀಬ್ ಇಬ್ರಾಹಿಂ ರಹಿಮತೂಲಾ ಅವರ ಹೆಸರಿನ ಖಾತೆಗೆ ವರ್ಗಾಯಿಸಿದರು. ತನ್ನ ಒಪ್ಪಿಗೆಯಿಲ್ಲದೆ ಇದು ನಡೆಯಿತೆಂದು ನಿಜಾಮರು ಹಣವನ್ನು ಮರಳಿ ಕೇಳಿದರು. ಮೊಕದ್ದಮೆ 1957ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಗಿ, ಪಾಕಿಸ್ತಾನವು ಸಾರ್ವಭೌಮ ರಾಷ್ಟ್ರವಾದುದರಿಂದ ಅದರ ಮೇಲೆ ದಾವೆ ನಡೆಯದೆಂಬ ಕಾರಣದಿಂದ ನಿಂತುಹೋಯಿತು. ಹಣ ಬ್ಯಾಂಕಿನಲ್ಲಿ ಹಾಗೆಯೇ ಬೆಳೆಯುತ್ತಾ 350 ಲಕ್ಷ ಪೌಂಡುಗಳಷ್ಟಾಯಿತು. ಈ ಶತಮಾನದಲ್ಲಿ ಮೊಕದ್ದಮೆ ಮತ್ತೆ ಜೀವ ಪಡೆದಾಗ, ಅದು ಹೈದರಾಬಾದಿಗೆ ಒದಗಿಸಿದ ಆಯುಧಗಳ ಬಾಬ್ತು ತನಗೆ ಸಲ್ಲಬೇಕಾದ ಹಣವೆಂಬುದು ಪಾಕಿಸ್ತಾನದ ವಾದಗಳಲ್ಲಿ ಒಂದಾಗಿತ್ತು.

2019ರ ಅಕ್ಟೋಬರ್ 2ರಂದು ಲಂಡನ್ನಿನ ಹೈಕೋರ್ಟಿನ ನ್ಯಾಯಮೂರ್ತಿ ಮಾರ್ಕಸ್ ಸ್ಮಿತ್ ತೀರ್ಪು ನೀಡಿದರು. ಆಯುಧ ಪೂರೈಕೆಯಲ್ಲಿ ಪಾಕಿಸ್ತಾನದ ಪಾತ್ರವಿದ್ದುದಕ್ಕೆ ಸಾಕ್ಷ್ಯವಿದೆ, ಆದರೆ ಈ ಹಣ ಅದಕ್ಕೆ ಕೊಟ್ಟ ಬೆಲೆಯೆಂಬುದು ಸಿದ್ಧವಾಗಿಲ್ಲ ಎಂಬುದು ಅವರ ನಿರ್ಣಯದ ಸಾರಾಂಶ. ಹಣ ನಿಜಾಮರ ವಾರಸುದಾರರಿಗೂ ಭಾರತ ಸರಕಾರಕ್ಕೂ ಸೇರಿತು. ಒಂದು ಬೇಸಿಗೆಯ ಕೆಲವು ರಾತ್ರಿಗಳ ವ್ಯವಹಾರಕ್ಕೆ ಎಪ್ಪತ್ತೊಂದು ವರ್ಷಗಳ ವ್ಯಾಜ್ಯ! ಯಾವ ಹಣ ಯಾವುದಕ್ಕೆ ಎಂದು ಸ್ಪಷ್ಟವಾಗಿ ಬರೆದ ಒಂದು ಹಾಳೆ ಇದ್ದಿದ್ದರೆ ನ್ಯಾಯಾಲಯಕ್ಕೆ ಇಷ್ಟು ಶೋಧಿಸುವ ಶ್ರಮ ಬೀಳುತ್ತಿತ್ತೇ? ಟೆಂಡರು ಇರಲಿಲ್ಲವೆಂಬುದಕ್ಕಿಂತ ಆ ಹಾಳೆ ಇರಲಿಲ್ಲವೆಂಬುದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುತ್ತದೆ.

ನಿಜಾಮರ ಸರಕಾರ ನಿರಂಕುಶವಾದುದು, ಆದ್ದರಿಂದ ಹೀಗಾಯಿತು ಎಂದು ಹೇಳಿ ನಾವು ಸಮಾಧಾನ ಪಡುವಂತಿಲ್ಲ. ಅದೇ 1948ರಲ್ಲಿ, ಅದೇ ಲಂಡನ್ನಿನಲ್ಲಿ, ಎದುರು ಪಕ್ಷವಾದ ನಮ್ಮ ಪ್ರಜಾಪ್ರಭುತ್ವ ಸರಕಾರದ ಹೆಸರಿನಲ್ಲಿಯೂ ಒಂದು ಖರೀದಿ ನಡೆಯಿತು. ಕಾಶ್ಮೀರದ ಯುದ್ಧ ನಡೆದಿತ್ತು, ಸೇನೆಗೆ ಜೀಪುಗಳು ತುರ್ತಾಗಿ ಬೇಕಾಗಿದ್ದವು. ಭಾರತದ ಹೈಕಮಿಷನರ್ ಆಗಿದ್ದ ವಿ. ಕೆ. ಕೃಷ್ಣ ಮೆನನ್ನರು ವಾಡಿಕೆಯ ಖರೀದಿ ನಿಯಮಗಳನ್ನು ಬದಿಗಿಟ್ಟು ವಿದೇಶೀ ಸಂಸ್ಥೆಯೊಂದರೊಡನೆ ಸುಮಾರು 80 ಲಕ್ಷ ರೂಪಾಯಿಗಳ ಒಪ್ಪಂದ ಮಾಡಿಕೊಂಡರು. ಹಣದ ಬಹುಪಾಲು ಮುಂಗಡವಾಗಿ ಸಂದಾಯವಾಯಿತು. ಬಂದವು 155 ಜೀಪುಗಳು, ಅವೂ ಸೇನೆಯ ಉಪಯೋಗಕ್ಕೆ ಬಾರದ ಸ್ಥಿತಿಯಲ್ಲಿದ್ದವು. ಸಂಸತ್ತಿನಲ್ಲಿ ಗದ್ದಲವಾಯಿತು. ಕೊನೆಗೆ 1955ರ ಸೆಪ್ಟೆಂಬರ್ 30ರಂದು ಗೃಹಮಂತ್ರಿ ಗೋವಿಂದ ವಲ್ಲಭ ಪಂತರು, ಸರಕಾರದ ಮಟ್ಟಿಗೆ ಈ ಪ್ರಕರಣ ಮುಗಿಯಿತೆಂದು ಸಾರಿದರು. 1956ರ ಫೆಬ್ರವರಿಯಲ್ಲಿ ಮೆನನ್ನರು ಕೇಂದ್ರ ಸಂಪುಟ ಸೇರಿದರು. ಅವರು ಸ್ವಂತಕ್ಕೆ ಒಂದು ಕಾಸನ್ನೂ ತೆಗೆದುಕೊಂಡರೆಂದು ಯಾವ ನ್ಯಾಯಾಲಯವೂ ಹೇಳಿಲ್ಲ, ಪ್ರಕರಣ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಲಿಲ್ಲ. ನಷ್ಟವಾದುದು ಇದೇ ಎಂದು ನನ್ನ ಅಭಿಪ್ರಾಯ. ಅವರು ನಿರ್ದೋಷಿಯಾಗಿದ್ದರೆ ಆ ಮಾತನ್ನು ಸಾಬೀತುಪಡಿಸುವ ಅವಕಾಶ ಅವರಿಗೂ ತಪ್ಪಿತು. ಕಳಂಕ ಹಾಗೆಯೇ ಅಂಟಿಕೊಂಡಿತು.

ಹಾಗಾದರೆ ಟೆಂಡರ್ ಇಲ್ಲದೆಯೂ ಶುದ್ಧವಾಗಿ ಕೊಳ್ಳುವ ಮಾರ್ಗವಿಲ್ಲವೇ? ಇದೆ. ಅಮೆರಿಕೆಯ ಉದಾಹರಣೆಯನ್ನು ನೋಡಬಹುದು. 1941ರ ಡಿಸೆಂಬರಿನಲ್ಲಿ ಯುದ್ಧಕ್ಕೆ ಇಳಿದ ಕೂಡಲೇ ಅಲ್ಲಿನ ಸಂಸತ್ತು ಪೈಪೋಟಿಯ ಟೆಂಡರ್ ಇಲ್ಲದೆ ಮಾತುಕತೆಯಿಂದಲೇ ಗುತ್ತಿಗೆ ಕೊಡಲು ಕಾನೂನಿನಲ್ಲಿಯೇ ಅಧಿಕಾರ ನೀಡಿತು. ಆದರೆ ಅದೇ ಕಾನೂನಿನಲ್ಲಿ, ಆದ ಖರ್ಚಿನ ಮೇಲೆ ಶೇಕಡಾವಾರು ಲಾಭ ಕೊಡುವ ಗುತ್ತಿಗೆಯನ್ನು ನಿಷೇಧಿಸಿತು. ಖರ್ಚು ಬೆಳೆದಷ್ಟೂ ಲಾಭ ಬೆಳೆಯುವುದಾದರೆ ಯಾವ ಗುತ್ತೇದಾರನು ತಾನೇ ಖರ್ಚು ಇಳಿಸುತ್ತಾನೆ? 1942ರಲ್ಲಿ ಇನ್ನೊಂದು ಕಾನೂನು ಬಂದು, ಯುದ್ಧದ ಗುತ್ತಿಗೆಯಲ್ಲಿ ಅತಿಯಾದ ಲಾಭ ಮಾಡಿದವರಿಂದ ಆ ಹೆಚ್ಚಿನ ಹಣವನ್ನು ಮರಳಿ ಪಡೆಯುವ ಏರ್ಪಾಡಾಯಿತು. 1941ರಲ್ಲಿಯೇ ಹ್ಯಾರಿ ಟ್ರೂಮನ್ ಎಂಬ ಸೆನೆಟರರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿಯು ಯುದ್ಧ ನಡೆಯುತ್ತಿರುವಾಗಲೇ ಕಾರ್ಖಾನೆಗಳನ್ನೂ ಶಿಬಿರಗಳನ್ನೂ ತಪಾಸಣೆ ಮಾಡಿ ಪೋಲು ಎಲ್ಲಿದೆ ಎಂದು ಬಹಿರಂಗವಾಗಿ ಹೇಳಿತು. ಅಂದರೆ ಮುಂಬಾಗಿಲಿನ ಕಾವಲನ್ನು ಸಡಿಲಿಸಿದವರು ಹಿಂಬಾಗಿಲಿನ ಕಾವಲನ್ನು ಬಿಗಿಗೊಳಿಸಿದರು.

ನಮ್ಮಲ್ಲಿ ಹಿಂಬಾಗಿಲಿನ ಕಾವಲು ಇದ್ದಾಗಲೂ ಅದು ತಡವಾಗಿ ಎಚ್ಚರಗೊಳ್ಳುತ್ತದೆ. 1999ರ ಕಾರ್ಗಿಲ್ ಸಂಘರ್ಷದ ವೇಳೆ ತುರ್ತೆಂದು ಮಾಡಿದ ಖರೀದಿಗಳನ್ನು ಮಹಾಲೇಖಪಾಲರು ಪರಿಶೀಲಿಸಿ 2001ರಲ್ಲಿ ವರದಿ ನೀಡಿದರು. ಎರಡು ಸಾವಿರ ಕೋಟಿ ರೂಪಾಯಿಗಳಿಗೂ ಮೀರಿದ ಸಾಮಗ್ರಿ ಹೋರಾಟ ನಿಂತ ಮೇಲೆ ಬಂದು ತಲುಪಿತೆಂಬುದು ಅದರ ಮುಖ್ಯ ಮಾತು. ಯುದ್ಧ ಮುಗಿದ ಮೇಲೆ ಬರುವ ಸಾಮಾನನ್ನು ತುರ್ತು ಎನ್ನುವುದು ಹೇಗೆ? ಹುತಾತ್ಮ ಯೋಧರ ಶವಪೆಟ್ಟಿಗೆಗಳ ಖರೀದಿಯ ಬಗೆಗೆ ಎದ್ದ ಆರೋಪ ದೇಶವನ್ನೇ ಕಲಕಿತು. ಸಿಬಿಐ ದೋಷಾರೋಪಣೆ ಪಟ್ಟಿ ಸಲ್ಲಿಸಿದ್ದು 2009ರಲ್ಲಿ, ವಿಶೇಷ ನ್ಯಾಯಾಲಯವು ಆರೋಪಿಗಳನ್ನು ಬಿಡುಗಡೆ ಮಾಡಿದ್ದು 2013ರಲ್ಲಿ. ಹದಿನಾಲ್ಕು ವರ್ಷ! ತಪ್ಪು ನಡೆದಿದ್ದರೆ ಶಿಕ್ಷೆಗೆ ತಡ, ನಡೆಯದಿದ್ದರೆ ನಿರಪರಾಧಿಗಳ ಹೆಸರಿಗೆ ಅಷ್ಟು ವರ್ಷ ಮಸಿ.

ಇಂದು ನಿಯಮಗಳು ಇಲ್ಲವೆಂದಲ್ಲ. ನಮ್ಮ ರಾಜ್ಯದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಇದೆ. ಪ್ರಕೃತಿ ವಿಕೋಪ ಅಥವಾ ಸರಕಾರ ಘೋಷಿಸಿದ ತುರ್ತು ಸಂದರ್ಭಗಳಿಗೆ ಅದರ ನಾಲ್ಕನೆಯ ಪ್ರಕರಣದಲ್ಲಿ ವಿನಾಯಿತಿಯೂ ಇದೆ. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಒಬ್ಬನೇ ಮಾರಾಟಗಾರನಿಂದ ತುರ್ತಾಗಿ ಕೊಳ್ಳಲು ಒಪ್ಪುತ್ತವೆ, ಆದರೆ ಅದರ ಕಾರಣವನ್ನು ಬರೆದಿಡಬೇಕು, ಸಕ್ಷಮ ಅಧಿಕಾರಿಯ ಅನುಮೋದನೆ ಪಡೆಯಬೇಕು ಎನ್ನುತ್ತವೆ. ನನ್ನ ಶಿಷ್ಯನ ಪ್ರಶ್ನೆಗೆ ಉತ್ತರ ಈ ಒಂದು ಮಾತಿನಲ್ಲಿಯೇ ಇದೆ. ತುರ್ತು ಪರಿಸ್ಥಿತಿಯು ಟೆಂಡರಿಗೆ ರಿಯಾಯಿತಿ ಕೊಡಬಲ್ಲದು, ಕಾರಣ ಬರೆಯುವುದಕ್ಕೆ ಕೊಡಲಾರದು. ಯುದ್ಧವಿಲ್ಲದ ಕಾಲದಲ್ಲಿಯೂ "ಯುದ್ಧೋಪಾದಿ" ಎಂಬ ಶಬ್ದ ಕೇಳಿಬಂದಾಗ ಈ ಮಾತನ್ನು ನೆನೆಯಬೇಕು. 2020ರ ಕೊರೋನಾ ಕಾಲದ ಖರೀದಿಗಳ ಬಗೆಗೆ ನಮ್ಮ ರಾಜ್ಯದಲ್ಲಿ 2023ರಲ್ಲಿ ನ್ಯಾಯಮೂರ್ತಿ ಜಾನ್ ಮೈಕಲ್ ಡಿ'ಕುನ್ಹಾ ಅವರ ವಿಚಾರಣಾ ಆಯೋಗವನ್ನು ನೇಮಿಸಬೇಕಾಗಿ ಬಂದುದು ನಿಮಗೆ ಗೊತ್ತೇ ಇದೆ.

ಇನ್ನು ನನ್ನ ತಪ್ಪಿನ ವಿಷಯ. ದೊಡ್ಡವರ ಲೆಕ್ಕ ಕೇಳುವವನು ತನ್ನ ಲೆಕ್ಕವನ್ನೂ ಒಪ್ಪಿಸಬೇಕು.

ತೊಂಬತ್ತರ ದಶಕದಲ್ಲಿ ನಾನು ಒಂದು ಪ್ರೌಢಶಾಲೆಯಲ್ಲಿ ಪ್ರಭಾರ ಮುಖ್ಯೋಪಾಧ್ಯಾಯನಾಗಿದ್ದೆ. ಯಾವ ಊರೆಂಬುದು ಬೇಡ. ಶಾಲೆ ಆರಂಭವಾಗಿ ವಾರವಾಗಿರಲಿಲ್ಲ, ಮೃಗಶಿರ ಮಳೆಯ ಮೊದಲ ಗಾಳಿಗೆ ಎರಡು ಕೋಣೆಗಳ ತಗಡು ಹಾರಿಹೋಯಿತು. ಮಕ್ಕಳು ಮರದಡಿಯಲ್ಲಿ ಕುಳಿತರು. ಕಾಯಲು ಮನಸ್ಸು ಒಪ್ಪಲಿಲ್ಲ. ಪರಿಚಯದ ಒಬ್ಬ ವರ್ತಕನ ಅಂಗಡಿಯಲ್ಲಿ ತಗಡು ಇತ್ತು. ಎರಡೇ ದಿನಗಳಲ್ಲಿ ಹೊದಿಸಿದೆವು. ಇಲ್ಲಿಯವರೆಗೆ ನನಗೆ ಪಶ್ಚಾತ್ತಾಪವಿಲ್ಲ.

ಮುಂದಿನ ವರ್ಷ ಲೆಕ್ಕ ತಪಾಸಣೆಯ ಸಮಯ ಬಂದಿತು. ಕಡತದಲ್ಲಿ ಮೂರು ಕೊಟೇಷನ್ ಇರಬೇಕು, ಇದ್ದುದು ಒಂದು ಬಿಲ್ಲು ಮಾತ್ರ. ಗುಮಾಸ್ತರು, "ಸರ್, ಆಡಿಟ್‌ನವರು ನೋಡೋದು ಕಾಗದ, ತಗಡಲ್ಲ" ಎಂದರು. ಆ ವರ್ತಕನೇ ಬೇರೆ ಎರಡು ಅಂಗಡಿಗಳ ಹೆಸರಿನ ಹಾಳೆಗಳನ್ನು ತಂದುಕೊಟ್ಟನು. ಅವುಗಳ ಮೇಲೆ ತುಸು ಹೆಚ್ಚಿನ ದರ ಬರೆದು, ಹಳೆಯ ತಾರೀಖು ಹಾಕಿ ಕಡತಕ್ಕೆ ಸೇರಿಸಿದೆವು. ಕೆಳಗೆ ಸಹಿ ಮಾಡಿದವನು ನಾನು. ತಪಾಸಣೆ ಸಲೀಸಾಗಿ ಮುಗಿಯಿತು. ಕೆಲವು ತಿಂಗಳುಗಳ ನಂತರ ಬೀದರಿನ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ನಾವು ಒಂದೊಂದು ತಗಡಿಗೂ ನಲವತ್ತು ರೂಪಾಯಿ ಹೆಚ್ಚು ಕೊಟ್ಟಿದ್ದೆವೆಂದು ತಿಳಿಯಿತು. ಕಡತದ ಪ್ರಕಾರ ಮಾತ್ರ ನಾವು ಮೂವರಲ್ಲಿ ಅತಿ ಕಡಿಮೆ ದರದವನಿಂದಲೇ ಕೊಂಡಿದ್ದೆವು!

"ಮಳೆ ಬಂತು, ಮಕ್ಕಳು ಹೊರಗೆ ಕುಳಿತಿದ್ದರು, ತಗಡು ಇದ್ದ ಅಂಗಡಿ ಇದೊಂದೇ ಎಂದು ತಿಳಿದು ಈ ದರಕ್ಕೆ ಕೊಂಡೆನು, ಹೊಣೆ ನನ್ನದು" ಎಂದು ನಾಲ್ಕು ಸಾಲು ಬರೆದಿದ್ದರೆ ಬಹುಶಃ ನನಗೊಂದು ನೋಟೀಸು ಬರುತ್ತಿತ್ತು, ಒಂದಿಷ್ಟು ಹಣ ಸಂಬಳದಲ್ಲಿ ಕಡಿತವಾಗುತ್ತಿತ್ತು. ಆದರೆ ಕಡತದಲ್ಲಿ ಸತ್ಯ ಉಳಿಯುತ್ತಿತ್ತು. ಟೆಂಡರ್ ಇಲ್ಲದೆ ಕೊಂಡದ್ದು ನನ್ನ ತಪ್ಪಲ್ಲ. ಇಲ್ಲದ ಪೈಪೋಟಿಯನ್ನು ಇತ್ತೆಂದು ತೋರಿಸಿದ್ದು ತಪ್ಪು. ತರಗತಿಯಲ್ಲಿ ನಕಲು ಮಾಡಿದ ಹುಡುಗನ ಉತ್ತರ ಪತ್ರಿಕೆಯನ್ನು ಕಸಿದುಕೊಳ್ಳುವಾಗಲೆಲ್ಲ ಆ ಎರಡು ಹಾಳೆಗಳು ನನಗೆ ನೆನಪಾಗುತ್ತಿದ್ದವು. ನಿಮ್ಮಲ್ಲಿ ಕೆಲವರಿಗೆ ಆ ದಿನಗಳಲ್ಲಿ ನಾನು ಕೊಟ್ಟ ಏಟು ನೆನಪಿರಬಹುದು. ಏಟು ತಿಂದವರಿಗೆ ಈ ಮಾತನ್ನು ಹೇಳುವ ಋಣ ನನ್ನ ಮೇಲಿತ್ತು.

ಎರಡು ಹಾಳೆಗಳ ಸುಳ್ಳಿಗೂ ರಾಜ್ಯಗಳ ಯುದ್ಧದ ವ್ಯವಹಾರಕ್ಕೂ ಅಳತೆಯಲ್ಲಿ ಅಜಗಜಾಂತರವಿದೆ. ಆದರೆ ಬೇರು ಒಂದೇ. ಒಳ್ಳೆಯ ಉದ್ದೇಶವಿದ್ದರೆ ಲೆಕ್ಕ ಕೊಡಬೇಕಾಗಿಲ್ಲವೆಂಬ ಭಾವನೆಯೇ ಆ ಬೇರು. ಮಕ್ಕಳು ನೆನೆಯಬಾರದೆಂಬುದು ನನ್ನ ಉದ್ದೇಶ. ಸೈನಿಕರು ಬರಿಗೈಯಲ್ಲಿ ನಿಲ್ಲಬಾರದೆಂಬುದು ಜೀಪು ಕೊಂಡವರ ಉದ್ದೇಶ. ಸಂಸ್ಥಾನ ಉಳಿಯಬೇಕೆಂಬುದು ನಿಜಾಮರ ಮಂತ್ರಿಗಳ ಉದ್ದೇಶ. ಉದ್ದೇಶ ಎಲ್ಲರಿಗೂ ಇರುತ್ತದೆ, ಅದನ್ನು ಅಳೆಯುವ ಮಾಪನ ಯಾರಲ್ಲಿಯೂ ಇಲ್ಲ. ಹಿಸಾಬು ಮಾತ್ರ ಅಳತೆಗೆ ಸಿಗುತ್ತದೆ.

ನಿಮ್ಮಲ್ಲಿ ಹಲವರು ಇಂದು ಸರಕಾರಿ ಕಚೇರಿಗಳಲ್ಲಿದ್ದೀರಿ, ಕೆಲವರು ಸೇನೆಯಲ್ಲಿದ್ದೀರಿ, ಕೆಲವರು ಗುತ್ತೇದಾರರೂ ಆಗಿದ್ದೀರಿ. ತುರ್ತು ಎಂಬ ಶಬ್ದ ನಿಮ್ಮ ಮೇಜಿನ ಮೇಲೂ ಒಂದು ದಿನ ಬರುತ್ತದೆ. ಅಂದು ಕೊಳ್ಳಬೇಕಾದುದನ್ನು ಕೊಳ್ಳಿರಿ, ತಡಮಾಡಬೇಡಿರಿ. ಆದರೆ ಅದೇ ಸಂಜೆ ಒಂದು ಹಾಳೆ ತೆಗೆದುಕೊಂಡು ಏಕೆ ಕೊಂಡೆ, ಯಾರಿಂದ ಕೊಂಡೆ, ಎಷ್ಟಕ್ಕೆ ಕೊಂಡೆ, ಬೇರೆಯವರನ್ನು ಏಕೆ ಕೇಳಲಿಲ್ಲ ಎಂದು ಬರೆದು, ನಿಮ್ಮ ಹೆಸರನ್ನು ಸ್ಪಷ್ಟವಾಗಿ ಬರೆದು ಸಹಿ ಮಾಡಿರಿ. ಆ ಹಾಳೆ ನಿಮಗೆ ನೋಟೀಸು ತರಬಹುದು. ತಂದರೆ ತರಲಿ.

ಬೀದರಿನ ಆ ನೆಲೆ ಇಂದು ನಮ್ಮ ವಾಯುಪಡೆಯ ತರಬೇತಿ ಕೇಂದ್ರ. ಭಾಲ್ಕಿಯ ಆಕಾಶದಲ್ಲಿ ಹಗಲು ಹೊತ್ತಿನಲ್ಲಿ ತರಬೇತಿ ವಿಮಾನಗಳು ಸದ್ದು ಮಾಡುತ್ತಾ ಹೋಗುವಾಗ ನನ್ನ ಮೊಮ್ಮಗಳು ಅಂಗಳಕ್ಕೆ ಓಡಿ ಬಂದು ಕೈ ಬೀಸುತ್ತಾಳೆ. ನಮ್ಮ ಅಜ್ಜಿ ಆ ಸದ್ದಿಗೆ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರಂತೆ.